ಆ ಕಾದಂಬರಿ ಬ್ಯಾನ್ ಆಗಿಲ್ಲ, ದೊಡ್ಡಪ್ಪ

ದೊಡ್ಡಪ್ಪ (ಫಾರ್ವರ್ಡ್): ಅಮೆರಿಕದಲ್ಲಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಗೆ ನಿಷೇಧ!! ಎಲ್ಲ ಶಾಲೆ, ಎಲ್ಲ ಲೈಬ್ರರಿಯಿಂದ ಹೊರಗೆ! ಕರಿಯರ ಪರ ನಿಂತ ಪುಸ್ತಕಕ್ಕೇ ಈ ಗತಿ. ಪುಸ್ತಕ ಪ್ರೀತಿಸುವ 10 ಜನಕ್ಕೆ ಕಳಿಸಿ.

ದೊಡ್ಡಪ್ಪ: ನಾನು ಮೊದಲಿಂದ ಹೇಳುತ್ತಲೇ ಇದ್ದೇನೆ. ಓದುವ ಸಂಸ್ಕಾರ ಹೋದರೆ ಎಲ್ಲವೂ ಹೋದ ಹಾಗೆ. ಮಕ್ಕಳ ಕೈಗೆ ಮೊಬೈಲ್ ಬದಲು ಪುಸ್ತಕ ಕೊಡಿ.

ವಿನಯ: ದೊಡ್ಡಪ್ಪ, ಇದು ಯಾವ ಪೇಪರಿನಲ್ಲಿ ಬಂದಿದ್ದು? ಯಾವ ತಾರೀಕು? ಅರಿಶಿನದ ಮೆಸೇಜಿಗೂ ಇದನ್ನೇ ಕೇಳಿದ್ದೆ, ನೀವು ಉತ್ತರ ಕೊಡಲಿಲ್ಲ.

ದೊಡ್ಡಪ್ಪ: ಕಳಿಸಿದವರು ರಿಟೈರ್ಡ್ ಪ್ರಿನ್ಸಿಪಾಲ್. ಸುಮ್ನೆ ಏನೇನೋ ಕಳಿಸುವವರಲ್ಲ.

ಅಟ್ಲಾಂಟಾ ಅಕ್ಕ: ಅಪ್ಪ, ನಮ್ಮೂರ ಲೈಬ್ರರಿಯಲ್ಲೇ ಇದೆ. ಹೋದ ತಿಂಗಳು ಮಗಳಿಗೆ ತಂದುಕೊಟ್ಟೆ. ಒಂಬತ್ತನೇ ಕ್ಲಾಸಿನಲ್ಲಿ ಅವಳಿಗೆ ಇದೇ ಪಾಠ.

ಅತ್ತೆ: ಅಣ್ಣ ಪುಸ್ತಕದ ಬಗ್ಗೆ ಬುದ್ಧಿ ಹೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅಪ್ಪಯ್ಯನ ಟ್ರಂಕಿನಲ್ಲಿ ಇದೇ ಕಾದಂಬರಿ ಇತ್ತು. ಸಾಗರದ ಮನೆ ಮಾರುವಾಗ ಅದನ್ನು ಟ್ರಂಕ್ ಸಮೇತ ಗುಜರಿಗೆ ಹಾಕಿದ್ದು ಯಾರು?

ದೊಡ್ಡಪ್ಪ: ಗೆದ್ದಲು ಹಿಡಿದಿತ್ತು. ಎಷ್ಟು ಸಲ ಹೇಳಬೇಕು?

ಅತ್ತೆ: ಮೇಲಿನ ನಾಲ್ಕು ಪುಸ್ತಕಕ್ಕೆ ಹಿಡಿದಿತ್ತು. ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಚಿಕ್ಕಪ್ಪ: ಆ ಟ್ರಂಕ್! ಅಟ್ಟದ ಮೇಲೆ, ಉಪ್ಪಿನಕಾಯಿ ಭರಣಿ ಪಕ್ಕ. ಮಳೆಗಾಲದಲ್ಲಿ ಕರೆಂಟು ಹೋದರೆ ಅಪ್ಪಯ್ಯ ಲಾಟೀನು ಇಟ್ಟುಕೊಂಡು ಆ ಕಥೆಯನ್ನು ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಮರದ ಪೊಟರೆಯಲ್ಲಿ ಮಕ್ಕಳಿಗೆ ಸಾಮಾನು ಇಡುತ್ತಿದ್ದ ಆ ಬೂ ರಾಡ್ಲಿ ಬಂದನೆಂದರೆ ನಾವು ಮೂವರೂ ಒಂದೇ ಕಂಬಳಿಯೊಳಗೆ. ಅಮ್ಮ ಒಲೆ ಮುಂದೆ ಹಲಸಿನ ಹಪ್ಪಳ ಸುಡುತ್ತಿದ್ದಳು.

ವಿನಯ: ಅಪ್ಪ, ವಿಷಯ ಬ್ಯಾನ್ ಆಗಿದೆಯೋ ಇಲ್ಲವೋ ಅನ್ನುವುದು.

ನಾನು: ಬ್ಯಾನ್ ಆಗಿಲ್ಲ. 2017ರಲ್ಲಿ ಮಿಸಿಸಿಪ್ಪಿಯ ಬಿಲೋಕ್ಸಿಯಲ್ಲಿ ಎಂಟನೇ ಕ್ಲಾಸಿನ ಪಾಠದಿಂದ ತೆಗೆದರು. 2018ರಲ್ಲಿ ಮಿನೆಸೋಟಾದ ಡುಲೂತ್‌ನಲ್ಲಿ ಕಡ್ಡಾಯ ಓದಿನ ಪಟ್ಟಿಯಿಂದ ಕೈಬಿಟ್ಟರು, ಲೈಬ್ರರಿಯಲ್ಲಿ ಮಾತ್ರ ಉಳಿಸಿಕೊಂಡರು. ಅದೇ ವರ್ಷ ಪಿಬಿಎಸ್ ಟೀವಿಯವರು ಅಮೆರಿಕದ ಜನರಿಂದ ಓಟು ಹಾಕಿಸಿದಾಗ ಮೆಚ್ಚಿನ ಕಾದಂಬರಿ ಅಂತ ಮೊದಲು ಬಂದಿದ್ದೂ ಇದೇ. ತಕರಾರು ಹೊಸದೇನಲ್ಲ. 1966ರಲ್ಲಿ ವರ್ಜೀನಿಯಾದ ಹ್ಯಾನೋವರ್ ಶಾಲಾ ಮಂಡಳಿ ಇದನ್ನು ಅನೈತಿಕ ಎಂದಿತ್ತು. ಆಗ ಕಾದಂಬರಿ ಬರೆದ ಹಾರ್ಪರ್ ಲೀ ಪತ್ರಿಕೆಗೆ ಕಾಗದ ಬರೆದು, ಆ ಮಂಡಳಿಯವರನ್ನು ಒಂದನೇ ಕ್ಲಾಸಿಗೆ ಸೇರಿಸಿ ಅಂತ ಜೊತೆಗೆ ದುಡ್ಡೂ ಕಳಿಸಿದ್ದರು.

ದೊಡ್ಡಪ್ಪ: ಅಂದರೆ ತೆಗೆದಿದ್ದು ನಿಜ ಅಲ್ವಾ? ನಾನು ಹೇಳಿದ್ದೂ ಅದನ್ನೇ.

ವಿನಯ: ಎರಡು ಊರು ಸೇರಿದರೆ ‘ಎಲ್ಲ ಶಾಲೆ’ ಆಗುತ್ತದಾ?

ಅಟ್ಲಾಂಟಾ ಅಕ್ಕ: ತೆಗೆದವರೆಲ್ಲ ಕಪ್ಪು ಜನರ ವಿರೋಧಿಗಳು ಅನ್ನುವುದೂ ಸರಿಯಲ್ಲ ಅಪ್ಪ. ಕಪ್ಪು ಜನರನ್ನು ಹೀಯಾಳಿಸುವ ಹೊಲಸು ಬೈಗುಳ ಪುಸ್ತಕದ ತುಂಬ ಇದೆ. ಕ್ಲಾಸಿನಲ್ಲಿ ಅದನ್ನು ಜೋರಾಗಿ ಓದುವಾಗ ಅಲ್ಲಿರುವ ಒಂದಿಬ್ಬರು ಕಪ್ಪು ಮಕ್ಕಳಿಗೆ ಹೇಗಿರಬೇಕು, ಯೋಚಿಸಿ. ಮಗಳ ಗೆಳತಿಯೊಬ್ಬಳು ಕೇಳಿದಳಂತೆ, ಬಿಳಿ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಅನ್ನುವ ಸುಳ್ಳು ಆರೋಪ ಹೊತ್ತ ಕಪ್ಪು ಮನುಷ್ಯ ಟಾಮ್ ರಾಬಿನ್ಸನ್ ಸತ್ತ ಸುದ್ದಿಗೆ ಅವನ ಹೆಂಡತಿ ಹೆಲೆನ್ ಕುಸಿದು ಬೀಳುತ್ತಾಳೆ, ಅದನ್ನೂ ನಾವು ಪಕ್ಕದಲ್ಲಿ ನಿಂತು ನೋಡಿದ ಬಿಳಿ ಹುಡುಗನ ಬಾಯಿಂದಲೇ ಯಾಕೆ ಕೇಳಬೇಕು ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ.

ದೊಡ್ಡಪ್ಪ: ಮಕ್ಕಳಿಗೆ ಆದರ್ಶ ಬೇಕು. ಟಾಮ್ ಪರ ವಾದಿಸಿದ ಅಟಿಕಸ್ ಫಿಂಚ್‌ನಂಥ ವಕೀಲ ಇರುವುದರಿಂದಲೇ ಆ ಪುಸ್ತಕ ಇನ್ನೂ ಉಳಿದಿದೆ.

ವಿನಯ: 2015ರಲ್ಲಿ ಬಂದ ‘ಗೋ ಸೆಟ್ ಎ ವಾಚ್‌ಮನ್’ ಓದಿ. ಅದನ್ನು ಲೀ ಮೊದಲೇ ಬರೆದಿಟ್ಟಿದ್ದರು. ಅದರಲ್ಲಿ ಇದೇ ಅಟಿಕಸ್ 72ನೇ ವಯಸ್ಸಿನಲ್ಲಿ ಕಪ್ಪು ಜನರ ಹಕ್ಕಿನ ವಿರುದ್ಧ ಸೇರಿದವರ ಸಭೆಯಲ್ಲಿ ಕೂತಿರುತ್ತಾನೆ.

ದೊಡ್ಡಪ್ಪ: ಅದು ನನಗೆ ಬೇಡ.

ನಾನು: ಪುಸ್ತಕ ಉಳಿದಿದ್ದು ಅಟಿಕಸ್‌ನಿಂದ ಅಂತ ನನಗೆ ಅನ್ನಿಸುವುದಿಲ್ಲ ದೊಡ್ಡಪ್ಪ. ಅವನು ಸೋಲುತ್ತಾನಲ್ಲ, ಅದರಿಂದ. ದೂರು ಕೊಟ್ಟ ಹುಡುಗಿಗೆ ಪೆಟ್ಟು ಬಿದ್ದಿದ್ದು ಮುಖದ ಬಲಗಡೆ. ಹೊಡೆದವನು ಎಡಚನೇ ಇರಬೇಕು. ಟಾಮ್‌ನ ಎಡಗೈ ಚಿಕ್ಕಂದಿನಲ್ಲೇ ಹತ್ತಿ ಜಿನ್ನಿಂಗ್ ಯಂತ್ರಕ್ಕೆ ಸಿಕ್ಕಿ ಕೆಲಸಕ್ಕೆ ಬಾರದಂತಾಗಿದೆ. ಎಡಚ ಅವಳ ಅಪ್ಪ. ಅಟಿಕಸ್‌ನ ಮಗ ಜೆಮ್ ಅಂತೂ ಕೇಸು ಗೆದ್ದೇ ಬಿಟ್ಟೆವು ಅಂದುಕೊಳ್ಳುತ್ತಾನೆ. 12 ಜನ ಜ್ಯೂರಿಯೂ ಅದನ್ನೇ ನೋಡುತ್ತಾರೆ, ಆದರೂ ತಪ್ಪಿತಸ್ಥ ಅನ್ನುತ್ತಾರೆ. ನಾನು ಪ್ರತಿ ಸಲವೂ ಈ ಸಲ ಬಿಡುತ್ತಾರೇನೋ ಅಂತಲೇ ಓದುತ್ತೇನೆ, ಬಿಡುವುದಿಲ್ಲ. ಆಮೇಲೆ ಜೈಲಿನಲ್ಲಿ ಅವನ ಮೈಗೆ 17 ಗುಂಡು. ಮೇಲ್ಮನವಿಯಲ್ಲಿ ಗೆಲ್ಲಿಸಿ ನಮಗೆ ಸಮಾಧಾನ ಮಾಡಬಹುದಿತ್ತು, ಲೀ ಮಾಡಲಿಲ್ಲ. ಅವರು ಬೆಳೆದ ಅಲಬಾಮಾದಲ್ಲೇ 1931ರಲ್ಲಿ ಸ್ಕಾಟ್ಸ್‌ಬರೋ ಕೇಸು ನಡೆದಿತ್ತು. ಅತ್ಯಾಚಾರ ಮಾಡಿದರು ಅಂತ ಇಬ್ಬರು ಬಿಳಿ ಹೆಂಗಸರು ಹೇಳಿದ ಸುಳ್ಳು ಮಾತಿನ ಮೇಲೆ, ಕೆಲವೇ ವಾರಗಳಲ್ಲಿ, 9 ಕಪ್ಪು ಹುಡುಗರಲ್ಲಿ 8 ಜನಕ್ಕೆ ಮರಣದಂಡನೆ ಬರೆದರು. ಅದು ಜಾರಿಯಾಗಲಿಲ್ಲ, ಆದರೆ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತರು. ಇದು ಗೊತ್ತಿದ್ದವರು ಟಾಮ್‌ನನ್ನು ಹೇಗೆ ಬಿಡಿಸಿಯಾರು?

ಅತ್ತೆ: ಟಾಮ್ ಸತ್ತ ಭಾಗ ಹೇಳುವಾಗ ಅಪ್ಪಯ್ಯನಿಗೂ ಗಂಟಲು ಕಟ್ಟುತ್ತಿತ್ತು, ನನಗೆ ನೆನಪಿದೆ. ಅಡಿಕೆ ಕೊಯ್ಲಿಗೆ ಬಂದವರಿಗೆ ಹಿತ್ತಿಲಲ್ಲಿ ಗೆರಟೆಗೆ ಚಹಾ ಹೊಯ್ಯುತ್ತಿದ್ದವಳೂ ನಾನೇ. ಮೇಲಿಂದ ಹೊಯ್ಯಿ, ತಾಗಿಸಬೇಡ ಅಂತ ಅಮ್ಮ ಹೇಳುತ್ತಿದ್ದಳು. ಅಪ್ಪಯ್ಯ ಅಲ್ಲೇ ಕೂತಿರುತ್ತಿದ್ದರು.

ದೊಡ್ಡಪ್ಪ: ಅದು ಆಗಿನ ಕಾಲ. ತೀರಿಹೋದವರನ್ನು ಇಲ್ಲಿ ಎಳೆಯಬೇಡ.

ಚಿಕ್ಕಪ್ಪ: ಗೆರಟೆಗಳನ್ನು ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸಿರುತ್ತಿದ್ದರು. ನನಗೂ ನೆನಪಿದೆ ಅಣ್ಣ.

ದೊಡ್ಡಪ್ಪ: ಈ ಗುಂಪು ಇರುವುದು ಮನೆಯ ಒಳ್ಳೆಯ ಸುದ್ದಿಗೆ. ಚರ್ಚೆ ಸಾಕು.

ವಿನಯ: ಫಾರ್ವರ್ಡ್ ಹಾಕಿದ್ದು ನೀವೇ ದೊಡ್ಡಪ್ಪ.

ಅತ್ತೆ: ಟ್ರಂಕಿನ ವಿಷಯಕ್ಕೂ ಸಾಕು ಅಂದೆ, ಇದಕ್ಕೂ ಸಾಕು ಅನ್ನುತ್ತೀಯ.

ಅಟ್ಲಾಂಟಾ ಅಕ್ಕ: ಅಪ್ಪ, ಈ ಪಾಠ ಮುಗಿದ ಮೇಲೆ ಮಕ್ಕಳು ಮನೆಯ ಹಿರಿಯರನ್ನು ಕೇಳಿ ಒಂದು ಬರಹ ಬರೆಯಬೇಕಂತೆ. ನಿಮ್ಮೂರಲ್ಲಿ ಯಾರನ್ನು ದೂರ ಇಟ್ಟಿದ್ದರು, ನಿಮಗೆ ಗೊತ್ತಿತ್ತಾ ಅಂತ. ಭಾನುವಾರ ಫೋನ್ ಮಾಡುತ್ತಾಳೆ. ನೀವು ಹೇಳುತ್ತೀರಾ, ಅತ್ತೆಯನ್ನೇ ಕೇಳಲಾ?

ದೊಡ್ಡಪ್ಪ: ನನಗೇ ಮಾಡಲಿ. ಸಂಜೆ ಏಳರ ಮೇಲೆ.

ಅತ್ತೆ: ನಾನೂ ಲೈನಿನಲ್ಲಿ ಇರುತ್ತೇನೆ.