ಎಂಆರ್‌ಐಯ ‘ರಿಲ್ಯಾಕ್ಸೇಶನ್ ಟೈಮ್’: ‘ವಿಶ್ರಾಂತಿ ಕಾಲ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಮಂಡಿನೋವಿನವರಿಗಾಗಿ ಎಂಆರ್‌ಐ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕರಡಿನಲ್ಲಿ ಉದಾಹರಣೆಗೆಂದು, ಮೂಳೆಯ ತುದಿಯ ನುಣುಪಾದ ಹೊದಿಕೆಯಾದ ಮೃದ್ವಸ್ಥಿಯ (ಕಾರ್ಟಿಲೇಜ್) ಬಗ್ಗೆ, ‘ಮೃದ್ವಸ್ಥಿಯ ಟಿ2 ವಿಶ್ರಾಂತಿ ಕಾಲ 38 ಮಿಲಿಸೆಕೆಂಡ್’ ಎಂದು ಬರೆದಿದ್ದೆ. ಅದನ್ನು ಓದಿದ ನಮ್ಮತ್ತೆ, “ಹಾಗಾದ್ರೆ ಎಷ್ಟು ದಿನ ಮೆಟ್ಟಿಲು ಹತ್ತಬಾರದು?” ಎಂದು ಕೇಳಿದರು. ಅವರು ಕೇಳಿದ್ದು ಸರಿಯೇ. ಮಂಡಿಯ ಮಾತಿನಲ್ಲಿ ವಿಶ್ರಾಂತಿ ಎಂದರೆ ಕಾಲು ಚಾಚಿ ಕೂರುವುದು.

ಒಳಗೆ ನಡೆಯುವುದೇ ಬೇರೆ. ಮೃದ್ವಸ್ಥಿಯಲ್ಲಿ ಹೆಚ್ಚುಪಾಲು ನೀರು. ರೇಡಿಯೋ ತರಂಗ ತಟ್ಟಿದಾಗ ಆ ನೀರಿನ ಪ್ರೋಟಾನುಗಳು ಕೋಲಾಟದವರ ಹಾಗೆ ಒಂದೇ ತಾಳದಲ್ಲಿ ಸುತ್ತುತ್ತವೆ. ತರಂಗ ನಿಂತಮೇಲೆ ಒಂದೊಂದಾಗಿ ತಾಳ ತಪ್ಪಿ, ಅವುಗಳಿಂದ ಯಂತ್ರಕ್ಕೆ ಸಿಗುವ ಸಂಜ್ಞೆ ಅಡಗುತ್ತದೆ. ಹಾಗೆ ಅಡಗಲು ಹಿಡಿಯುವ ಹೊತ್ತು ಟಿ2. ಪ್ರೋಟಾನುಗಳು ಯಂತ್ರದ ಕಾಂತದ ದಿಕ್ಕಿಗೆ ಮರಳಿ ನಿಲ್ಲಲು ಹಿಡಿಯುವ ಹೊತ್ತು ಟಿ1. 3 ಟೆಸ್ಲಾ (ಟೆಸ್ಲಾ ಎಂದರೆ ಕಾಂತದ ಬಲದ ಅಳತೆ) ಯಂತ್ರದಲ್ಲಿ ಅದು ಒಂದು ಸೆಕೆಂಡಿನ ಆಸುಪಾಸು.

ಮೃದ್ವಸ್ಥಿಯೊಳಗಿನ ಕೊಲಾಜೆನ್ ನಾರಿನ ಬಲೆ ಬಿಗಿಯಾಗಿದ್ದರೆ ನೀರಿನ ಓಡಾಟ ಕಡಿಮೆ, ಟಿ2 ಚಿಕ್ಕದು. ಬಲೆ ಹರಿಯತೊಡಗಿದರೆ ಟಿ2 ಹಿಗ್ಗುತ್ತದೆ. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದಿಲ್ಲ, ಮೂಳೆಗಳ ನಡುವಿನ ಗ್ಯಾಪ್ ಕಾಣುತ್ತದೆ. ಆ ಗ್ಯಾಪ್ ಕಿರಿದಾಗುವ ಮೊದಲೇ ಈ ಅಂಕಿಯಲ್ಲಿ ಸವೆತದ ಸುಳಿವು ಸಿಗಬಹುದು. ಅದಕ್ಕೇ ಈ ಅಳತೆಗೆ ಇಷ್ಟು ಬೆಲೆ, ನನಗೆ ಪದದ ಬಗ್ಗೆ ಇಷ್ಟು ಕಾಳಜಿ.

‘ಸಡಿಲಿಕೆ ಕಾಲ’ ಎನ್ನೋಣವೆಂದರೆ, ಸಡಿಲವಾದದ್ದು ಬಲೆಯೋ ಸಂಜ್ಞೆಯೋ ಓದುವವರಿಗೆ ತಿಳಿಯದು. ‘ಶಿಥಿಲನ’ ಬೇಡವೇ ಬೇಡ, ಮಂಡಿಯೇ ಶಿಥಿಲವಾಯಿತೆಂದು ಹೆದರುತ್ತಾರೆ.

ನನಗೆ ತೋಚಿದ್ದು, ಟಿ1ಗೆ ‘ಮರಳುವ ಹೊತ್ತು’, ಟಿ2ಗೆ ‘ಅಡಗುವ ಹೊತ್ತು’. ಗಂಟೆಯ ನಾದ ಅಡಗಿತು ಎನ್ನುತ್ತೇವಲ್ಲ, ಆ ಅಡಗು. ಬಚ್ಚಿಟ್ಟುಕೊಳ್ಳುವ ಅರ್ಥವೂ ಅದಕ್ಕಿದೆ, ಆದರೆ ನಾದದ ಹೋಲಿಕೆ ಜೊತೆಗಿದ್ದರೆ ತೊಡಕಾಗದು ಅನಿಸುತ್ತದೆ. ‘ಮರಳುಹೊತ್ತು’ ಎಂದು ಸಮಾಸ ಮಾಡಿ ನೋಡಿದೆ, ಹೊಳೆಯ ಮರಳೇ ಕಣ್ಣಿಗೆ ಬಂತು, ಬಿಟ್ಟೆ.

ಉಳಿದ ತೊಡಕು ಎರಡು. ಟಿ1, ಟಿ2 ಎರಡನ್ನೂ ಒಳಗೊಳ್ಳುವ ಒಂದೇ ಪದ ಬೇಕು. ಇನ್ನು ‘ಟಿ1ರೋ’ ಎಂಬ ಅಳತೆ: ತರಂಗವನ್ನು ಬಿಡದೆ ಹಿಡಿದಿಟ್ಟು, ಹಾಗೆ ಹಿಡಿದಿದ್ದಾಗಲೇ ಸಂಜ್ಞೆ ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವುದು. ಮೃದ್ವಸ್ಥಿಯಲ್ಲಿ ನೀರನ್ನು ಹಿಡಿದಿಡುವ ಪ್ರೋಟಿಯೋಗ್ಲೈಕನ್ ಎಂಬ ಅಣು ಕಡಿಮೆಯಾದರೆ ಆ ಹೊತ್ತು ಏರುತ್ತದೆ. ಇದಕ್ಕೆ ‘ಹಿಡಿದಡಗು’ ಅನ್ನಬಹುದೇ, ಅಥವಾ ‘ರೋ’ ಎಂಬ ಗ್ರೀಕ್ ಅಕ್ಷರವನ್ನೇ ಇಟ್ಟುಕೊಳ್ಳುವುದು ಲೇಸೇ?

ಸ್ಕ್ಯಾನಿಂಗ್ ಕೋಣೆಯಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ, ಈ ಅಂಕಿಯನ್ನು ನೀವು ರೋಗಿಗಳಿಗೆ ಯಾವ ಮಾತಿನಲ್ಲಿ ಹೇಳುತ್ತೀರಿ, ದಯವಿಟ್ಟು ತಿಳಿಸಿ.