ಸಹಾಯ ಬೇಕು: ಕಾಂಪ್ಯಾಕ್ಟ್ ಪಿಸ್ತೂಲಿನಲ್ಲಿ ಗುಂಡೆಲ್ಲ ಎಡಕ್ಕೆ, ಕೆಳಕ್ಕೆ ಹೋಗುತ್ತಿವೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಶೂಟಿಂಗ್ ರೇಂಜಿನಲ್ಲಿ ಮೊದಲ ಸಲ 9 ಎಂಎಂ ಕಾಂಪ್ಯಾಕ್ಟ್ ಪಿಸ್ತೂಲು ಹಿಡಿದೆ. ಇಷ್ಟು ದಿನ ಅಭ್ಯಾಸ ಮಾಡಿದ್ದೆಲ್ಲ ಪೂರ್ಣ ಗಾತ್ರದ ಗ್ಲಾಕ್ 17 ಪಿಸ್ತೂಲಿನಲ್ಲಿ. ಅದರ ಬ್ಯಾರೆಲ್ 114 ಮಿ.ಮೀ., ಇದರದ್ದು 102. ಹನ್ನೆರಡು ಮಿ.ಮೀ. ಏನು ಮಹಾ ಅಂದುಕೊಂಡಿದ್ದೆ!

10 ಮೀಟರ್ ದೂರದಿಂದ 50 ಗುಂಡು ಹಾರಿಸಿದೆ. ಮುಕ್ಕಾಲು ಪಾಲು ಎಡಕ್ಕೆ, ಕೆಳಕ್ಕೆ ಬಿದ್ದಿವೆ. ನಾನು ಬಲಗೈಯವನು, ಕೈ ಸ್ವಲ್ಪ ದೊಡ್ಡದು. ಕಿರುಬೆರಳಿಗೆ ಹಿಡಿಯಲ್ಲಿ ಜಾಗವೇ ಇಲ್ಲ, ಸುಮ್ನೆ ಗಾಳಿಯಲ್ಲಿ ತೂಗಾಡುತ್ತಿರುತ್ತದೆ. ಒದೆತವೂ ಜಾಸ್ತಿ.

ಪಕ್ಕದಲ್ಲಿದ್ದ ಹಿರಿಯರೊಬ್ಬರು ನನಗೆ ತಿಳಿಯದಂತೆ ಗುಂಡು ತುಂಬುವ ಮ್ಯಾಗಜೀನಿಗೆ ಒಂದು ಡಮ್ಮಿ ಗುಂಡು ಸೇರಿಸಿ ಕೊಟ್ಟರು. ಟ್ರಿಗರ್ ಎಳೆದೆ. ‘ಟಿಕ್’ ಅಂತಷ್ಟೇ ಸದ್ದು ಬಂತು, ಆದರೆ ಪಿಸ್ತೂಲಿನ ಮೂತಿ ಸರಕ್ಕನೆ ಕೆಳಗೆ ಜಗ್ಗಿತು. ನಾಚಿಕೆಯಾಯ್ತು. ಗುಂಡು ಹಾರುವ ಮೊದಲೇ ಕೈ ಬೆದರುತ್ತಿದೆ ಅಂತಲೇ ಅರ್ಥ, ಅಲ್ವಾ?

ಎರಡು ಸಲ ಖಾಲಿ ತೋಟಾ ಹೊರಗೆ ಬೀಳದೆ ಸ್ಲೈಡಿಗೆ (ಹಿಂದೆ ಮುಂದೆ ಜಾರುವ ಮೇಲ್ಭಾಗಕ್ಕೆ) ಸಿಕ್ಕಿಕೊಂಡು ನೆಟ್ಟಗೆ ನಿಂತಿತ್ತು. ಮಣಿಕಟ್ಟು ಸಡಿಲ ಬಿಟ್ಟರೂ ಹೀಗಾಗುತ್ತದೆ ಎಂದರು ಅವರು.

ಈಗ ನಿಮ್ಮನ್ನು ಕೇಳಬೇಕಾದ್ದು: ಕಿರುಬೆರಳನ್ನು ಮಡಚಿ ಮ್ಯಾಗಜೀನಿನ ಕೆಳಗೆ ಇಡುವುದಾ, ಅಥವಾ ಅದರ ತಳಕ್ಕೆ ಉದ್ದದ ಬೇಸ್‌ಪ್ಲೇಟ್ (ತಳದ ಮುಚ್ಚಳ) ಹಾಕಿಸುವುದಾ? ಗುಂಡಿಲ್ಲದೆ ಡ್ರೈ ಫೈರ್ ಅಭ್ಯಾಸ ದಿನಕ್ಕೆ ಎಷ್ಟು ಹೊತ್ತು ಮಾಡುತ್ತೀರಿ? ಗುರಿ ಹಿಡಿಯುವ ಹಿಂದಿನ ಸೈಟನ್ನು ಬಲಕ್ಕೆ ಸರಿಸು ಅಂತ ಒಬ್ಬ ಗೆಳೆಯ ಹೇಳಿದ. ನನಗೇಕೋ ಅದು ಹೊಟ್ಟೆನೋವಿಗೆ ತಲೆಗೆ ಪಟ್ಟು ಹಾಕಿದಂತೆ ಕಾಣುತ್ತದೆ. ಚಿಕ್ಕ ಪಿಸ್ತೂಲಿಗೆ ಒಗ್ಗಿಕೊಂಡವರು ದಯವಿಟ್ಟು ಹೇಳಿ. ಭಾನುವಾರ ಮತ್ತೆ ರೇಂಜಿಗೆ ಹೋಗುತ್ತಿದ್ದೇನೆ.