ಕಣ್ಣುಗಳನ್ನೇ ನೆರಳಿನಲ್ಲಿಟ್ಟ ಸ್ವ-ಭಾವಚಿತ್ರ

ಪ್ರಶ್ನೆ:
ಡಚ್ ಚಿತ್ರಕಾರ ರೆಂಬ್ರಾಂಟ್ ಸುಮಾರು 1628ರಲ್ಲಿ, ಇಪ್ಪತ್ತೆರಡರ ಆಸುಪಾಸಿನ ವಯಸ್ಸಿನಲ್ಲಿ, ತನ್ನದೇ ಮುಖವನ್ನು ತೈಲವರ್ಣದಲ್ಲಿ ಬರೆದ ಚಿತ್ರವೊಂದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಅದರಲ್ಲಿ ಬೆಳಕು ನಮ್ಮ ಎಡಗಡೆಯಿಂದ ಬಂದು ಕೆನ್ನೆಯನ್ನೂ ಕಿವಿಯ ಹಾಲೆಯನ್ನೂ ಕುತ್ತಿಗೆಯನ್ನೂ ಸವರಿಕೊಂಡು ಹೋಗುತ್ತದೆ. ಕಣ್ಣುಗಳು ಮಾತ್ರ ಕತ್ತಲಲ್ಲೇ ಉಳಿದಿವೆ. ಭಾವಚಿತ್ರದ ಜೀವವೇ ಕಣ್ಣು ಎಂದು ಕೇಳುತ್ತ ಬಂದ ನನಗೆ ಇದು ವಿಚಿತ್ರವಾಗಿ ಕಂಡಿತು. ಇದು ನಾನು ನೋಡಿದ ಮುದ್ರಿತ ಪ್ರತಿಯ ದೋಷವೋ, ಕಲಾವಿದನ ಉದ್ದೇಶವೋ?

ಉತ್ತರ 1:
ಉದ್ದೇಶವೇ. ಅಗ್ಗದ ಮುದ್ರಣಗಳು ನೆರಳನ್ನು ಮಸಿಯಂತೆ ಕಪ್ಪಾಗಿಸುವುದುಂಟು, ಆದರೆ ಮೂಲದಲ್ಲಿಯೂ ಕಣ್ಣುಗಳು ನೆರಳಿನಲ್ಲೇ ಇವೆ. ಚಿತ್ರವನ್ನು ಬರೆದಿರುವ ಮರದ ಹಲಗೆಯ ಅಳತೆ ಸುಮಾರು 22.6 × 18.7 ಸೆಂ.ಮೀ. ಮಾತ್ರ; ಹೀಗಾಗಿ ಹತ್ತಿರ ಹೋಗಿ ನಿಲ್ಲದೆ ವಿಧಿಯಿಲ್ಲ. ಹಾಗೆ ನಿಂತು ದಿಟ್ಟಿಸಿದಾಗಲೇ ನೆರಳಿನೊಳಗಿಂದ ಎರಡು ಕಣ್ಣುಗಳು ನಮ್ಮತ್ತ ನೋಡುತ್ತಿರುವುದು ತಿಳಿಯುತ್ತದೆ, ಮತ್ತು ಆ ತಡವನ್ನೇ ಆತ ಬಯಸಿದ್ದನೆಂದು ನನ್ನ ಅನಿಸಿಕೆ. ಕೂದಲನ್ನೂ ಗಮನಿಸಿ. ಬಣ್ಣ ಇನ್ನೂ ಹಸಿಯಾಗಿರುವಾಗಲೇ ಕುಂಚದ ಹಿಡಿಕೆಯ ತುದಿಯಿಂದ ಗೀರಿ, ಒಂದೊಂದು ಗುಂಗುರೂ ಅಡಿಯ ತಿಳಿ ಪದರದಿಂದ ಮೇಲೆದ್ದು ಬರುವಂತೆ ಮಾಡಿದ್ದಾನೆ. ಅಲ್ಲಿ ಬೆಳಕು ಬಂದಿರುವುದು ಬಣ್ಣವನ್ನು ಕೆರೆದು ತೆಗೆದದ್ದರಿಂದ.

ಉತ್ತರ 2:
ಇದರ ಪಕ್ಕದಲ್ಲಿ, ಲಂಡನ್ನಿನ ಕೆನ್‌ವುಡ್ ಹೌಸ್‌ನಲ್ಲಿರುವ, 1665ರ ಸುಮಾರಿನ, ಹಿನ್ನೆಲೆಯಲ್ಲಿ ಎರಡು ವೃತ್ತಗಳಿರುವ, ರೆಂಬ್ರಾಂಟನದೇ ಇನ್ನೊಂದು ಸ್ವ-ಭಾವಚಿತ್ರವನ್ನು ಇಟ್ಟು ನೋಡಬೇಕು. ಅಲ್ಲಿ ಬೆಳಕು ಮುಖದ ಮೇಲೂ ಬಿಳಿ ಟೋಪಿಯ ಮೇಲೂ ನೇರವಾಗಿ ಬಿದ್ದಿದೆ. ಪ್ಯಾಲೆಟ್ (ಬಣ್ಣ ಬೆರೆಸುವ ಹಲಗೆ) ಹಿಡಿದ ಕೈಯನ್ನು ನಾಲ್ಕಾರು ಒರಟು ಗೀಟುಗಳಲ್ಲಿ ಮುಗಿಸಿಬಿಟ್ಟಿದ್ದಾನೆ. ಟೋಪಿಗೆ ದಪ್ಪನಾಗಿ ಮೆತ್ತಿದ ಬಿಳಿ ಬಣ್ಣದ ಏರುಗಳು ಕೋಣೆಯ ಬೆಳಕನ್ನೂ ಹಿಡಿಯುತ್ತವೆ, ಆದ್ದರಿಂದ ಚಿತ್ರದೊಳಗಿನ ಬೆಳಕು ಎಲ್ಲಿ ಮುಗಿದು ಹೊರಗಿನದು ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ.

ಉತ್ತರ 3:
ಬಣ್ಣ ಹಚ್ಚುವವನಾಗಿ ಒಂದು ಮಾತು. ಕನ್ನಡಿಯ ಮುಂದೆ ಕುಳಿತು, ಒಂದೇ ದೀಪವನ್ನು ಪಕ್ಕಕ್ಕಿಟ್ಟು, ಅದನ್ನು ನಿಧಾನವಾಗಿ ಕಿವಿಯ ಹಿಂದಕ್ಕೆ ಸರಿಸುತ್ತ ಹೋಗಿ. ಒಂದು ಹಂತದಲ್ಲಿ ಕಣ್ಣಿನ ಗುಳಿಗಳೆರಡೂ ಮುಳುಗಿ, ಕೆನ್ನೆಯ ಅಂಚಷ್ಟೇ ಹೊಳೆಯುತ್ತದೆ. ಕಷ್ಟ ಇರುವುದು ಆ ಮುಳುಗಿದ ಭಾಗವನ್ನು ಬರೆಯುವುದರಲ್ಲಿ. ಮೊದಲ ಸಲ ನಾನು ಕಪ್ಪಿಗೆ ಬಿಳಿ ಬೆರೆಸಿ ನೆರಳನ್ನು ದಪ್ಪನಾಗಿ ಬಳಿದೆ, ಮುಖಕ್ಕೆ ಬೂದಿ ಮೆತ್ತಿದಂತಾಯಿತು. ಕಂದು ಬಣ್ಣವನ್ನು ಎಣ್ಣೆಯಲ್ಲಿ ತೆಳುವಾಗಿಸಿ, ಅಡಿಯ ಪದರ ಕಾಣುವಂತೆ ಹಚ್ಚಿದ ಮೇಲಷ್ಟೇ ಆ ಕತ್ತಲಿಗೆ ಆಳ ಬಂತು.